ಡೆಕ್‌ಗೆ ಮರಳುವವರಿಗೆ ವೇದಿಕೆಯ ಅವಸರ ಬೇಡ

ನಮಸ್ಕಾರ. ಡಿಜೆ ಕೆಲಸ ಬಿಟ್ಟು ಹೋಗಿದ್ದವರೊಬ್ಬರು ಮತ್ತೆ ಹೆಡ್‌ಫೋನ್ ಕೈಗೆತ್ತಿಕೊಂಡರು ಎಂದು ತಿಳಿದ ಕೂಡಲೇ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ ಒಂದೇ: ಮುಂದಿನ ಕಾರ್ಯಕ್ರಮ ಯಾವಾಗ? ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೂ ಆ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ ಎಂದು ಹೇಳಲಿಕ್ಕೇ ಇವತ್ತು ಮೈಕ್ ಮುಂದೆ ಕುಳಿತಿದ್ದೇನೆ. ಅಪಘಾತ, ಹಲ್ಲೆ, ಹತ್ತಿರದವರ ಸಾವು, ವರ್ಷಗಟ್ಟಲೆ ಮನೆಯೊಳಗೇ ನಡೆದ ಹಿಂಸೆ, ಹೀಗೆ ಯಾವುದೋ ಆಘಾತದಿಂದ ಕುಗ್ಗಿಹೋದವರು ಡೆಕ್‌ಗೆ, ಅಂದರೆ ಹಾಡುಗಳನ್ನು ನುಡಿಸಿ ಬೆರೆಸುವ ಯಂತ್ರಗಳಿಗೆ, ಮರಳಿದಾಗ ಅವರಿಗೆ ಬೇಕಾಗಿರುವುದು ಆ ಕೆಲಸ. ಜನ, ಚಪ್ಪಾಳೆ, ಪೋಸ್ಟರ್ ಮೇಲೆ ಹೆಸರು, ಇವೆಲ್ಲ ಬರುವುದಿದ್ದರೆ ಆಮೇಲೆ ಬರಲಿ. ಬರದಿದ್ದರೂ ಯಾವ ನಷ್ಟವೂ ಇಲ್ಲ.

ನಾನೂ ಹಾಗೆ ಬಿಟ್ಟು, ಮರಳಿದವಳು. ಏನು ನಡೆಯಿತು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದನ್ನು ಯಾರಿಗೂ ವಿವರಿಸಬೇಕಾದ ಅಗತ್ಯವಿಲ್ಲದೆ ದಿನಕ್ಕೆ ಒಂದಿಷ್ಟು ಹೊತ್ತು ನೆಮ್ಮದಿಯಾಗಿ ಉಸಿರಾಡಲು ಒಂದು ಜಾಗ ಸಿಕ್ಕಿತಲ್ಲ, ಈ ಕೆಲಸ ನನಗೆ ಮಾಡಿದ ದೊಡ್ಡ ಉಪಕಾರ ಅದು.

ಆಘಾತ ಕೆಡಿಸುವುದು ಕಾಲದ ಅರಿವನ್ನು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಗೆ ಪಿಟಿಎಸ್‌ಡಿ (ಆಘಾತದ ನಂತರವೂ ಉಳಿದುಕೊಳ್ಳುವ ಮಾನಸಿಕ ಒತ್ತಡ) ಎಂಬ ಕಾಯಿಲೆಯನ್ನು ಸೇರಿಸಿತು. ಅಂದಿನಿಂದಲೂ ಅದರ ಲಕ್ಷಣಗಳಲ್ಲಿ ಎದ್ದು ಕಾಣುವುದು ಇದು: ಎಂದೋ ನಡೆದುಹೋದದ್ದು ಈಗಲೇ ನಡೆಯುತ್ತಿರುವಂತೆ ಮೇಲೆರಗುತ್ತದೆ. ಕರೆಯದೆ ಬರುತ್ತದೆ, ಹೋಗೆಂದರೆ ಹೋಗುವುದಿಲ್ಲ. ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ನಿದ್ದೆಗೆಡುವುದು, ಓದುತ್ತಿರುವ ಸಾಲಿನ ಮೇಲೆ ಗಮನ ನಿಲ್ಲದಿರುವುದು ಅದರ ಜೊತೆಗೇ ಬರುತ್ತವೆ.

ಡಿಜೆಯ ಕೆಲಸವೆಲ್ಲ ನಡೆಯುವುದು ಕಾಲದ ಮೇಲೆಯೇ. ಒಂದು ಕಿವಿಗೆ ಸ್ಪೀಕರ್‌ನಲ್ಲಿ ಈಗ ಓಡುತ್ತಿರುವ ಹಾಡು, ಇನ್ನೊಂದು ಕಿವಿಗೆ ಹೆಡ್‌ಫೋನ್‌ನಲ್ಲಿ ಮುಂದೆ ಬರಬೇಕಾದ ಹಾಡು. ಮುಗಿದ ಹಾಡು ಎರಡರಲ್ಲೂ ಇರುವುದಿಲ್ಲ, ಮತ್ತು ಅದನ್ನು ಇಳಿಸಿದ್ದು ನಿಮ್ಮದೇ ಬೆರಳು. ಕರೆಯದೆ ಬರುವ ನೆನಪುಗಳೊಂದಿಗೆ ಬದುಕುವವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಮಾತಿನಲ್ಲಿ ಹೇಳುವುದು ಕಷ್ಟ. ಕೆಲಸವನ್ನೇ ತೋರಿಸುತ್ತೇನೆ.

ಒಂದು ಹಾಡಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ದಾಟಬೇಕಾದರೆ ಎರಡರ ಬಡಿತವೂ ಒಂದಾಗಬೇಕು. ಓಡುತ್ತಿರುವ ಹಾಡಿನ ವೇಗ ನಿಮಿಷಕ್ಕೆ 126 ಬೀಟ್ (ಬಡಿತ), ಬರಬೇಕಾದದ್ದು 124 ಎಂದುಕೊಳ್ಳಿ. ಬರಬೇಕಾದ ಹಾಡಿನ ಪಿಚ್ ಫೇಡರನ್ನು, ಅಂದರೆ ವೇಗ ಬದಲಿಸುವ ಜಾರುಗುಂಡಿಯನ್ನು, ಶೇಕಡಾ 1.6ರಷ್ಟು ವೇಗದ ಕಡೆಗೆ ಸರಿಸಿದರೆ ಎರಡೂ ಸಮವಾಗುತ್ತವೆ. ಕಾಗದದ ಮೇಲೆ ಇಷ್ಟೇ. ಆದರೆ ನಿಮಿಷಕ್ಕೆ ಅರ್ಧ ಬೀಟ್‌ನಷ್ಟು ತಪ್ಪಿದ್ದರೂ ಹದಿನಾರು ಬಡಿತ ಕಳೆಯುವಷ್ಟರಲ್ಲಿ ಎರಡು ಹಾಡುಗಳ ನಡುವೆ ಸುಮಾರು 30 ಮಿಲಿಸೆಕೆಂಡ್ ಅಂತರ ಬೀಳುತ್ತದೆ. ಒಂದಾಗಿ ಕೇಳುತ್ತಿದ್ದ ಕಿಕ್ ಡ್ರಮ್ಮಿನ ಬಡಿತ ಒಡೆದು ಎರಡಾಗುತ್ತದೆ, ಕುದುರೆಯ ಓಟದಂತೆ ಟಕಟಕ ಎನ್ನತೊಡಗುತ್ತದೆ. ಆಗ ರೆಕಾರ್ಡ್ ಹೊತ್ತು ತಿರುಗುತ್ತಿರುವ ತಟ್ಟೆಯ (ಪ್ಲ್ಯಾಟರ್) ಅಂಚಿಗೆ ಬೆರಳ ತುದಿ ತಾಗಿಸಿ ತುಸು ತಡೆಯಬೇಕು, ಇಲ್ಲವೇ ತುಸು ಮುಂದಕ್ಕೆ ದೂಡಬೇಕು. ಹೆಚ್ಚು ಒತ್ತಿದರೆ ಸ್ವರ ಜಗ್ಗುತ್ತದೆ, ಕಡಿಮೆಯಾದರೆ ಟಕಟಕ ಹಾಗೆಯೇ ಉಳಿಯುತ್ತದೆ. ಮತ್ತೆ ಕೇಳಬೇಕು, ಮತ್ತೆ ತಿದ್ದಬೇಕು. ಟೆಕ್ನಿಕ್ಸ್ ಕಂಪನಿಯ ಎಸ್ಎಲ್-1200 ಟರ್ನ್‌ಟೇಬಲ್ 1972ರಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಡಿಜೆಗಳ ಮೆಚ್ಚಿನ ಯಂತ್ರವಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣ ಬೆಲ್ಟ್ ಇಲ್ಲದೆ ತಟ್ಟೆಯನ್ನು ನೇರವಾಗಿ ತಿರುಗಿಸುವ ಅದರ ಡೈರೆಕ್ಟ್ ಡ್ರೈವ್ ಮೋಟರ್. ಬೆರಳಿನಿಂದ ತಡೆದರೂ ಬಿಟ್ಟ ಕೂಡಲೇ ಅದು ತನ್ನ ವೇಗಕ್ಕೆ ಮರಳುತ್ತದೆ.

ಈ ಸಣ್ಣ ಕೆಲಸದೊಳಗೆ ಏನೇನಿದೆ ನೋಡಿ. ಕಿವಿ, ಕೈ, ಗಮನ ಮೂರೂ ಒಂದೇ ಕಡೆ ಇರಬೇಕು. ತಪ್ಪು ಖಂಡಿತ ಆಗುತ್ತದೆ, ಆದರೆ ಆ ತಪ್ಪಿನಿಂದ ಯಾರಿಗೂ ನೋವಾಗುವುದಿಲ್ಲ, ಕೆಲವೇ ಕ್ಷಣಗಳಲ್ಲಿ ಅದನ್ನು ಸರಿಪಡಿಸಲೂಬಹುದು. ಒಂದು ತಪ್ಪಾದರೆ ಎಲ್ಲವೂ ಕುಸಿದುಬೀಳುತ್ತದೆ ಎಂಬ ಭಯದಲ್ಲಿ ದಿನ ದೂಡುವವರಿಗೆ, ತಪ್ಪು ಸರಿಹೋಗುವುದನ್ನು ತಮ್ಮ ಕಿವಿಯಾರೆ ಮತ್ತೆ ಮತ್ತೆ ಕೇಳುವ ಅವಕಾಶ ಇದು. ಆದ್ದರಿಂದಲೇ ಎರಡು ಹಾಡುಗಳ ವೇಗವನ್ನು ತಾನೇ ಹೊಂದಿಸಿಬಿಡುವ ಸಿಂಕ್ ಬಟನ್ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಕಾರ್ಯಕ್ರಮದಲ್ಲಿ ಅದನ್ನು ಒತ್ತುವವರ ಬಗ್ಗೆ ನನ್ನ ತಕರಾರಿಲ್ಲ, ಅದು ಅವರ ದುಡಿಮೆ. ಚೇತರಿಸಿಕೊಳ್ಳಲೆಂದು ಬಂದವರು ಮಾತ್ರ ಅದನ್ನು ಮುಟ್ಟದಿರುವುದು ಒಳ್ಳೆಯದು. ಎರಡು ಹಾಡುಗಳನ್ನು ಹೊಂದಿಸುವ ಶ್ರಮವನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ನಾವು ಬಂದ ಉದ್ದೇಶವೇ ಕೈತಪ್ಪುತ್ತದೆ.

ಹಾಡುಗಳ ವಿಷಯ ಬೇರೆಯೇ. ಪ್ರತಿಯೊಬ್ಬರ ಸಂಗ್ರಹದಲ್ಲೂ ಆ ಘಟನೆಗೆ ಅಂಟಿಕೊಂಡ ಕೆಲವು ಹಾಡುಗಳು ಇದ್ದೇ ಇರುತ್ತವೆ. ಮೊದಲ ನಾಲ್ಕು ಬೀಟ್ ಕೇಳಿದರೆ ಸಾಕು, ಅಂಗೈ ಬೆವರುತ್ತದೆ. ಅವನ್ನು ಧೈರ್ಯ ಮಾಡಿ ಎದುರಿಸಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಎದುರಿಸುವುದಕ್ಕೆ ಒಂದು ಕ್ರಮವಿದೆ, ಅದು ತರಬೇತಿ ಪಡೆದ ಚಿಕಿತ್ಸಕರ ಜೊತೆ ಕುಳಿತು ಮಾಡುವ ಕೆಲಸ. ಒಬ್ಬರೇ ಇರುವಾಗ, ಮಧ್ಯರಾತ್ರಿಯಲ್ಲಿ, ಹೆಡ್‌ಫೋನ್ ಹಾಕಿಕೊಂಡು ಮಾಡುವಂಥದ್ದಲ್ಲ. ಆ ಹಾಡುಗಳನ್ನು ಬೇರೆ ಫೋಲ್ಡರ್‌ಗೆ ಹಾಕಿಡಿ. ಅಳಿಸಬೇಕಾಗಿಲ್ಲ, ನುಡಿಸಲೂಬೇಕಾಗಿಲ್ಲ. ಇಂದು ಯಾವ ಹಾಡು, ಯಾವುದರ ನಂತರ ಯಾವುದು ಎಂಬುದನ್ನು ತೀರ್ಮಾನಿಸುವವರು ನೀವು. ತಮ್ಮ ಮೇಲೆ ತಮಗೇ ಅಧಿಕಾರವಿಲ್ಲದಂತೆ ಬದುಕಿದವರಿಗೆ ಈ ತೀರ್ಮಾನದ ಹಕ್ಕೇ ಔಷಧದಷ್ಟು ಮುಖ್ಯ.

ಹಾಗೆಂದು ಇದನ್ನೇ ಔಷಧ ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಪಿಟಿಎಸ್‌ಡಿಗೆ ಶಿಫಾರಸು ಮಾಡಿದ್ದು ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಸಿಬಿಟಿ (ಯೋಚನೆ, ವರ್ತನೆಗಳನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣಿನ ಚಲನೆಯ ನೆರವಿನಿಂದ ನೆನಪಿನ ತೀವ್ರತೆಯನ್ನು ತಗ್ಗಿಸುವ ಕ್ರಮ) ಎಂಬ ಚಿಕಿತ್ಸೆಗಳನ್ನು. ಚಿಕಿತ್ಸೆ ನಡೆಯುವುದು ಸಾಮಾನ್ಯವಾಗಿ ವಾರಕ್ಕೊಂದು ಗಂಟೆ. ಉಳಿದ ಗಂಟೆಗಳನ್ನು ಹೇಗೆ ಕಳೆಯುವುದು ಎಂಬ ಪ್ರಶ್ನೆಗೆ ಡೆಕ್ ಒಂದು ಒಳ್ಳೆಯ ಉತ್ತರ, ಅಷ್ಟೇ.

ವೇದಿಕೆಯ ಅವಸರ ಯಾಕೆ ಬೇಡ ಎನ್ನುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಆಘಾತ ಮೊದಲೇ ಕೆಡಿಸಿರುವ ನಿದ್ದೆಯನ್ನು ಈ ವೃತ್ತಿ ಇನ್ನಷ್ಟು ಕೆಡಿಸುತ್ತದೆ. ಕತ್ತಲೆ, ನೂಕುನುಗ್ಗಲು, ಕುಡಿದವರ ಗದ್ದಲ, ಹಿಂದಿನಿಂದ ಯಾರೋ ಭುಜ ಮುಟ್ಟುವುದು, ಇವೆಲ್ಲ ಬೆಚ್ಚಿಬೀಳುವ ದೇಹಕ್ಕೆ ಆಗಿಬರುವುದಿಲ್ಲ. ಸದ್ದಿನ ಮಾತಂತೂ ಹೇಳಲೇಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಮನೆಯಲ್ಲಿ ಕಡಿಮೆ ಸದ್ದಿನಲ್ಲಿ ನುಡಿಸುವುದರಲ್ಲಿ ಅವಮಾನವೇನಿಲ್ಲ, ಸೂಕ್ಷ್ಮಗಳು ಕೇಳಿಸುವುದೂ ಆಗಲೇ.

ಡೇವಿಡ್ ಮ್ಯಾಂಕುಸೊ ಎಂಬವರು 1970ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲೇ ಆಹ್ವಾನಿತರಿಗಾಗಿ ಸಂಗೀತಕೂಟ ನಡೆಸತೊಡಗಿದರು. ಮದ್ಯ ಮಾರುತ್ತಿರಲಿಲ್ಲ. ಹೊರಗೆ ಕಿರುಕುಳ ಅನುಭವಿಸುತ್ತಿದ್ದ ಸಲಿಂಗಿಗಳು, ಕಪ್ಪು ವರ್ಣೀಯರು ಅಲ್ಲಿ ಬಂದು ನಿರ್ಭಯವಾಗಿ ಕುಣಿಯುತ್ತಿದ್ದರು. ಮ್ಯಾಂಕುಸೊ ಬಾಲ್ಯದ ಮೊದಲ ವರ್ಷಗಳನ್ನು ಕಳೆದದ್ದು ಅನಾಥಾಲಯದಲ್ಲಿ. ಅಲ್ಲಿನ ಸನ್ಯಾಸಿನಿಯೊಬ್ಬರು ಮಕ್ಕಳಿಗಾಗಿ ರೆಕಾರ್ಡ್ ಹಾಕಿ ಪುಟ್ಟ ಪಾರ್ಟಿಗಳನ್ನು ಮಾಡುತ್ತಿದ್ದರಂತೆ. ಇಂದಿನ ಡಿಜೆ ಸಂಸ್ಕೃತಿಯ ಬೇರುಗಳಲ್ಲಿ ಇಂಥದ್ದೊಂದು ಸುರಕ್ಷಿತ ಮನೆಯೂ ಇದೆ ಎಂಬುದನ್ನು ನಮ್ಮ ಕ್ಷೇತ್ರದವರು ಮರೆಯಬಾರದು.

ಕೊನೆಯದಾಗಿ ಕಾರ್ಯಕ್ರಮ ಆಯೋಜಿಸುವವರಿಗೆ ಒಂದು ಮಾತು. ಮರಳಿ ಬಂದವರು ತಾವಾಗಿಯೇ ನುಡಿಸುತ್ತೇನೆ ಎಂದರೆ ಸಂತೋಷದಿಂದ ಕರೆಯಿರಿ. ಹಗಲಿನ ಹೊತ್ತು ಅಥವಾ ಸಂಜೆಯ ಮೊದಲ ಅವಧಿ ಕೊಡಿ. ಡೆಕ್ ಹಿಂದೆ ಯಾರೂ ಬಂದು ನಿಲ್ಲದಂತೆ ನೋಡಿಕೊಳ್ಳಿ. ಜೊತೆಗೆ ಒಬ್ಬ ಆಪ್ತರನ್ನು ಕರೆತರಲು ಬಿಡಿ. ಹೊರಹೋಗುವ ಬಾಗಿಲು ಎಲ್ಲಿದೆ ಎಂದು ಮೊದಲೇ ತೋರಿಸಿ. ಅವರ ಕಥೆಯನ್ನು ಪ್ರಚಾರಕ್ಕೆ ಬಳಸಬೇಡಿ, ಅವರೇ ಒಪ್ಪಿದರೂ ಎರಡು ಸಲ ಯೋಚಿಸಿ. ಅರ್ಧದಲ್ಲೇ ಸಾಕೆನಿಸಿ ಅವರು ಎದ್ದುಬಂದರೆ ಮುಂದುವರಿಸಲು ಇನ್ನೊಬ್ಬ ಡಿಜೆಯನ್ನು ಸಿದ್ಧವಾಗಿಟ್ಟುಕೊಂಡಿರಿ. ಮತ್ತು ಹಾಗೆ ಎದ್ದುಬಂದರೂ ಒಪ್ಪಿದ ಹಣವನ್ನು ಪೂರ್ತಿ ಕೊಡಿ.