65 ಬಂದರೆ ರೋಗಿ, 60 ಬಂದರೆ ವಾಸಿ

ನಮಸ್ಕಾರ. ಎಸ್‌ಎಫ್-36 ಅಂತ ಒಂದು ಪ್ರಶ್ನಾವಳಿ ಇದೆ. ಅದರ ಒಂದು ಭಾಗದಲ್ಲಿ ಹತ್ತು ಪ್ರಶ್ನೆ. ಒಂದು ಮಹಡಿ ಮೆಟ್ಟಿಲು ಹತ್ತೋದು ಕಷ್ಟವಾ? ದಿನಸಿ ಚೀಲ ಎತ್ತೋದು? ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳೋದು? ಯಾವುದೂ ಕಷ್ಟವಿಲ್ಲ ಅಂದರೆ 100 ಅಂಕ. ಆರೋಗ್ಯವಾಗಿರುವ ಪ್ರಾಯದವರು ಸಾಮಾನ್ಯವಾಗಿ 90 ದಾಟುತ್ತಾರೆ.

ಬ್ರಿಟನ್ನಿನಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ವಿಪರೀತ ಸುಸ್ತು ಬಿಡದೆ ಕಾಡುವ ಕಾಯಿಲೆ, ಅದರ ಚಿಕಿತ್ಸೆಗಳ ಮೇಲೆ ಪೇಸ್ ಅನ್ನೋ ಟ್ರಯಲ್ ನಡೆಯಿತು. 641 ರೋಗಿಗಳು, ಸುಮಾರು 50 ಲಕ್ಷ ಪೌಂಡ್ ಸರ್ಕಾರಿ ದುಡ್ಡು. ಅದಕ್ಕೆ ಸೇರಬೇಕಾದರೆ ಈ ಹತ್ತು ಪ್ರಶ್ನೆಗಳಲ್ಲಿ 65 ಅಥವಾ ಅದಕ್ಕಿಂತ ಕಡಿಮೆ ಬರಬೇಕಿತ್ತು. ಅಷ್ಟು ಬಂದರೆ ನೀವು ರೋಗಿ. ವಾಸಿ ಆಯಿತು ಅನ್ನೋಕೆ ಮೊದಲ ಯೋಜನೆಯಲ್ಲಿ ಬರೆದಿದ್ದು 85. ಆದರೆ 2013ರಲ್ಲಿ ಚೇತರಿಕೆಯ ಲೆಕ್ಕ ಪ್ರಕಟವಾದಾಗ ಆ ಗೆರೆ 60ಕ್ಕೆ ಬಂದು ನಿಂತಿತ್ತು.

ಇನ್ನೊಂದು ಸಲ ಹೇಳುತ್ತೇನೆ. 65 ಬಂದು ಒಳಗೆ ಹೋದವರು, 60ಕ್ಕೆ ಇಳಿದು ಹೊರಗೆ ಬಂದರೂ, ಈ ಅಳತೆಯ ಮಟ್ಟಿಗೆ ವಾಸಿಯಾದ ಹಾಗೆ! ಚೇತರಿಕೆಗೆ ಬೇರೆ ಷರತ್ತುಗಳೂ ಇದ್ದವು, ನಿಜ. ಆದರೆ ಎರಡು ಮುಖ್ಯ ಅಳತೆಗಳಲ್ಲಿ (ಈ ಹತ್ತು ಪ್ರಶ್ನೆ ಒಂದು, ಸುಸ್ತಿನ ಅಳತೆ ಇನ್ನೊಂದು) ಕನಿಷ್ಠ ಒಂದರ ಗೆರೆಯನ್ನು ಸುಮಾರು 13 ಶೇಕಡಾ ಜನ ಸೇರಿದ ದಿನವೇ ದಾಟಿದ್ದರು. ಪರೀಕ್ಷೆಗೆ ಕೂರುವ ಮೊದಲೇ ಪಾಸಾದ ಹುಡುಗರ ಥರ.

ಇದನ್ನು ಹಿಡಿದವರು ಯಾರು? ದೊಡ್ಡ ಪ್ರೊಫೆಸರುಗಳಲ್ಲ. ಹಾಸಿಗೆ ಬಿಟ್ಟು ಏಳೋಕೆ ಕಷ್ಟಪಡುವ ರೋಗಿಗಳು. ಅವರಿಗೆ ಸಿಕ್ಕ ಉತ್ತರ ಏನು ಅಂದರೆ, "ಮಾನಸಿಕ ಕಾಯಿಲೆ ಅಂತ ಒಪ್ಪಿಕೊಳ್ಳೋಕೆ ನಿಮಗೆ ನಾಚಿಕೆ." ನನಗೆ ಸಿಟ್ಟು ಬರುವುದು ಇಲ್ಲೇ. ಅವರು ಕೇಳಿದ್ದು ಲೆಕ್ಕದ ಪ್ರಶ್ನೆ. ಆ ಪ್ರಶ್ನೆಯನ್ನೂ ರೋಗದ ಲಕ್ಷಣ ಮಾಡಿಬಿಟ್ಟರು. ಸುಮ್ಮನಿದ್ದರೆ ಒಪ್ಪಿದ ಹಾಗೆ, ಬಾಯಿ ಬಿಟ್ಟರೆ ಕಾಯಿಲೆ ಜಾಸ್ತಿ ಆದ ಹಾಗೆ. ಇನ್ನು ಆ ರೋಗಿ ಏನು ಮಾತಾಡಬೇಕು ಹೇಳಿ?

ಈ ಚಾಳಿ ಹಳೆಯದು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಸುಮಾರು 300 ಸಿಬ್ಬಂದಿ ಇಂಥದ್ದೇ ಕಾಯಿಲೆಗೆ ಬಿದ್ದರು. ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಹದಿನೈದು ವರ್ಷದ ಮೇಲೆ ಇಬ್ಬರು ಮನೋವೈದ್ಯರು ಹಳೇ ಫೈಲುಗಳನ್ನು ತಿರುವಿ, ಇದು ಸಾಮೂಹಿಕ ಹಿಸ್ಟೀರಿಯಾ ಅಂದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಅನ್ನೋದೂ ಅವರಿಗೆ ಒಂದು ಸಾಕ್ಷಿ. ರೋಗಿಗಳನ್ನು ಮಾತಾಡಿಸುವ ಗೋಜಿಗೇ ಹೋಗಲಿಲ್ಲ.

ಪೇಸ್ ಹಿಂದಿದ್ದ ವಾದ ಇಷ್ಟು. ಯಾವುದೋ ಸೋಂಕಿನಿಂದ ಶುರುವಾಗಿರಬಹುದು, ಆದರೆ ಈಗ ರೋಗ ಉಳಿದಿರುವುದು ಭಯದಿಂದ. ಓಡಾಡಿದರೆ ತೊಂದರೆ ಆಗುತ್ತೆ ಅಂತ ಮಲಗಿದ್ದೀರಿ, ಮಲಗಿ ಮಲಗಿ ಮೈ ಶಕ್ತಿ ಕಳೆದುಕೊಂಡಿದೆ. ಹಾಗಾಗಿ ಸಿಬಿಟಿ ಅಂತ ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ ಮಾಡಿ ಭಯ ಬಿಡಿಸೋಣ, ಜಿಇಟಿ ಅಂತ ವ್ಯಾಯಾಮವನ್ನು ಹಂತ ಹಂತವಾಗಿ ಏರಿಸೋಣ. ಕೇಳೋಕೆ ಸರಿಯಾಗೇ ಇದೆ, ಅಲ್ವಾ?

ಆದರೆ ಈ ರೋಗದ ಮುಖ್ಯ ಗುರುತೇ ಬೇರೆ. ಶ್ರಮ ಪಟ್ಟ ಮೇಲೆ ಇಡೀ ಮೈ ಕೆಡುತ್ತದೆ. ಅದೂ ತಕ್ಷಣ ಅಲ್ಲ. ಇವತ್ತು ತಲೆಸ್ನಾನ ಮಾಡಿದ್ದಕ್ಕೆ ನಾಳೆಯೋ ನಾಡಿದ್ದೋ ಪೆಟ್ಟು ಬೀಳುತ್ತದೆ. ಗಂಟಲು ನೋವು, ಬೆಳಕು ತಡೆಯೋಕಾಗದು, ಓದಿದ ಸಾಲು ತಲೆಗೆ ಹತ್ತದು. ಇಂಥವರಿಗೆ "ಲಕ್ಷಣಕ್ಕೆ ಗಮನ ಕೊಡಬೇಡಿ, ನಿನ್ನೆಗಿಂತ ಸ್ವಲ್ಪ ಜಾಸ್ತಿ ನಡೀರಿ" ಅಂದರೆ ಏನಾಗಬಹುದು? ಜಿಇಟಿ ಮಾಡಿ ಇನ್ನೂ ಹದಗೆಟ್ಟೆವು ಅಂತ ರೋಗಿಗಳು ವರ್ಷಗಟ್ಟಲೆ ಹೇಳುತ್ತಲೇ ಬಂದರು.

ಅಷ್ಟಕ್ಕೂ ಪೇಸ್‌ನ ವ್ಯಾಯಾಮದ ಗುಂಪು ಒಂದು ವರ್ಷದ ಮೇಲೆ ಆರು ನಿಮಿಷದಲ್ಲಿ ನಡೆದದ್ದು ಸರಾಸರಿ 379 ಮೀಟರ್. ಅದು ಆರೋಗ್ಯವಂತರ ನಡಿಗೆ ಅಲ್ಲವೇ ಅಲ್ಲ. ಸಿಬಿಟಿ ಗುಂಪಿಗೆ ನಡಿಗೆಯಲ್ಲಿ ಲಾಭವೇ ಕಾಣಲಿಲ್ಲ. ಸುಧಾರಣೆ ಕಂಡಿದ್ದು ಹೆಚ್ಚಾಗಿ ಫಾರ್ಮ್ ತುಂಬಿದ ಕಡೆ. ಯಾರಿಗೆ ಯಾವ ಚಿಕಿತ್ಸೆ ಅಂತ ಎಲ್ಲರಿಗೂ ಗೊತ್ತಿದ್ದ ಟ್ರಯಲ್ ಇದು. "ಈ ಚಿಕಿತ್ಸೆಯಿಂದ ಹುಷಾರಾಗುತ್ತೀರಿ" ಅಂತ ತಿಂಗಳುಗಟ್ಟಲೆ ಕೇಳಿಸಿಕೊಂಡವರು ಫಾರ್ಮ್‌ನಲ್ಲಿ ಒಂದೆರಡು ಟಿಕ್ ಮೇಲೆ ಹಾಕುವುದರಲ್ಲಿ ಆಶ್ಚರ್ಯ ಇಲ್ಲ.

ಅಲೆಮ್ ಮ್ಯಾಥೀಸ್ ಅನ್ನೋ ಆಸ್ಟ್ರೇಲಿಯಾದ ರೋಗಿ 2014ರಲ್ಲಿ ಮಾಹಿತಿ ಹಕ್ಕಿನ ಅಡಿ, ಹೆಸರು ತೆಗೆದ ದತ್ತಾಂಶ ಕೊಡಿ ಅಂತ ಅರ್ಜಿ ಹಾಕಿದರು. ಟ್ರಯಲ್ ನಡೆಸಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲ್ಲ ಅಂತ ವಕೀಲರಿಗೆ ಎರಡು ಲಕ್ಷ ಪೌಂಡ್‌ಗೂ ಮೀರಿ ಸುರಿಯಿತು. ಈ ರೋಗಿಗಳು ಅಪಾಯಕಾರಿ, ಸಂಶೋಧಕರನ್ನು ಪೀಡಿಸುತ್ತಾರೆ ಅಂತಲೂ ವಾದ ಹೂಡಿತು. ನ್ಯಾಯಮಂಡಳಿ ಸಾಕ್ಷಿ ಎಲ್ಲಿ ಅಂತ ನೋಡಿದರೆ, ಸಿಕ್ಕಿದ್ದು ಒಂದು ಸೆಮಿನಾರ್‌ನಲ್ಲಿ ಯಾರೋ ಒಬ್ಬರು ಕೂಗಾಡಿದ್ದು ಮಾತ್ರ. ಕೆಲವರು ಕೆಟ್ಟ ಇಮೇಲ್ ಬರೆದಿರಬಹುದು. ಅದು ತಪ್ಪೇ. ಆದರೆ ಅದರಿಂದ 60 ಅನ್ನೋದು 85 ಆಗಿಬಿಡುತ್ತಾ?

2016ರಲ್ಲಿ ದತ್ತಾಂಶ ಹೊರಬಂತು. ಮ್ಯಾಥೀಸ್ ಮತ್ತಿತರರು ಮೊದಲ ಯೋಜನೆಯ ಗೆರೆಯನ್ನೇ ಇಟ್ಟು ಲೆಕ್ಕ ಹಾಕಿದರು. ಸಂಶೋಧಕರು 22 ಶೇಕಡಾ ವಾಸಿ ಅಂದಿದ್ದ ಸಿಬಿಟಿಯಲ್ಲಿ ಈಗ 7. ಜಿಇಟಿಯಲ್ಲಿ 4. ಬರೀ ಮಾಮೂಲಿ ವೈದ್ಯಕೀಯ ಆರೈಕೆ ಸಿಕ್ಕವರಲ್ಲಿ 3. ವ್ಯತ್ಯಾಸ ಇದೆ ಅನ್ನೋಕೆ ಸಂಖ್ಯಾಶಾಸ್ತ್ರದ ಬಲವೇ ಇರಲಿಲ್ಲ.

ಮನಸ್ಸಿಗೂ ದೇಹಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ ಖಿನ್ನತೆ ಬರಬಹುದು, ಅದಕ್ಕೆ ಸಿಬಿಟಿ ನೆರವಾಗಬಹುದು. ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಹೇಳಿದ್ದೂ ಅದನ್ನೇ: ಸಿಬಿಟಿ ಈ ರೋಗವನ್ನು ವಾಸಿ ಮಾಡಲ್ಲ, ಬೇಕಾದವರಿಗೆ ಆಸರೆಯಾಗಿ ಕೊಡಿ. ಜಿಇಟಿ ಕೊಡಲೇಬೇಡಿ. 2007ರಲ್ಲಿ ಎರಡನ್ನೂ ಶಿಫಾರಸು ಮಾಡಿದ್ದು ಇದೇ ಸಂಸ್ಥೆ.

ಈಗ ಲಾಂಗ್ ಕೋವಿಡ್‌ನವರೂ ಇದೇ ಮಾತು ಕೇಳುತ್ತಿದ್ದಾರೆ. ಟೆಸ್ಟ್ ಎಲ್ಲ ನಾರ್ಮಲ್, ಟೆನ್ಷನ್ ಬಿಡಿ, ವಾಕಿಂಗ್ ಮಾಡಿ. ನಮ್ಮಲ್ಲೂ ಹಾಗೆ ಹೇಳುವ ಡಾಕ್ಟರುಗಳಿಗೆ ಬರವಿಲ್ಲ. ಹೇಳುವ ಮೊದಲು ಒಂದೇ ಪ್ರಶ್ನೆ ಕೇಳಿ: ನಡೆದ ಮಾರನೇ ದಿನ ಹೇಗಿರ್ತೀರಿ?

2018ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು, ವೈದ್ಯರು, ಬೇರೆ ತಜ್ಞರು ಸೇರಿ, ಪೇಸ್ ಲೆಕ್ಕವನ್ನು ಸ್ವತಂತ್ರವಾಗಿ ಮತ್ತೆ ಹಾಕಿಸಿ ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಆ ಪತ್ರಿಕೆ 2011ರಲ್ಲಿ ಪ್ರಕಟಿಸಿದ ಪೇಸ್ ಪೇಪರನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ತೆಗೆದುಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಿದರೆ ಕಾಮೆಂಟಿನಲ್ಲಿ ಬರೆಯಿರಿ, ಆ 60ಕ್ಕೆ ಸಮಜಾಯಿಷಿ ಕೊಟ್ಟೇ ಬರೆಯಿರಿ.