ದೂರ ಒಂದೇ, ಹೋಗಲು 8 ಗಂಟೆ, ಬರಲು 7 ಗಂಟೆ: ಏಕೆ?

[ಪರದೆಯಲ್ಲಿ: 5,540 ÷ 900]

ನಮಸ್ಕಾರ. ಲಂಡನ್ನಿನ ಹೀಥ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 5,540 ಕಿ.ಮೀ. ದೊಡ್ಡ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎಂದಿಟ್ಟುಕೊಂಡು ಭಾಗಿಸಿದರೆ 6 ಗಂಟೆ 9 ನಿಮಿಷ ಬರುತ್ತದೆ. ಆದರೆ ವೇಳಾಪಟ್ಟಿಯಲ್ಲಿ ನ್ಯೂಯಾರ್ಕಿಗೆ ಹೋಗಲು ಸುಮಾರು 8 ಗಂಟೆ, ಲಂಡನ್ನಿಗೆ ಮರಳಲು ಸುಮಾರು 7 ಗಂಟೆ ಎಂದಿರುತ್ತದೆ.

[ದೃಶ್ಯ: ಚಪ್ಪಟೆ ನಕಾಶೆ ಗೋಳವಾಗಿ ಬದಲಾಗುತ್ತದೆ]

ಇಲ್ಲಿ ಹೇಳಿದ ದೂರ ಮಹಾವೃತ್ತದ ದೂರ, ಅಂದರೆ ಭೂಮಿಯ ದುಂಡನೆಯ ಮೇಲ್ಮೈಯ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳು ಮತ್ತು ಭೂಮಿಯ ಸರಾಸರಿ ತ್ರಿಜ್ಯವಾದ 6,371 ಕಿ.ಮೀ. ಗೊತ್ತಿದ್ದರೆ ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನ್ಯೂಯಾರ್ಕ್ ಲಂಡನ್ನಿಗಿಂತ ದಕ್ಷಿಣಕ್ಕಿದ್ದರೂ ಈ ದಾರಿ ಮೊದಲು ಪಶ್ಚಿಮದಿಂದ ತುಸು ಉತ್ತರಕ್ಕೆ ವಾಲಿ ಐರ್ಲೆಂಡಿನತ್ತ ಸಾಗುವುದು ಚಪ್ಪಟೆ ನಕಾಶೆಯಲ್ಲಿ ಸುತ್ತುದಾರಿಯಂತೆ ಕಾಣುತ್ತದೆ. ತಪ್ಪು ನಕಾಶೆಯದು, ದಾರಿಯದಲ್ಲ.

[ದೃಶ್ಯ: ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿ]

ಸಮಯದ ವಿಷಯ ಇಷ್ಟು ಸರಳವಲ್ಲ. ವಿಮಾನ ಗಂಟೆಗೆ 900 ಕಿ.ಮೀ. ಹಾರುವುದು ತನ್ನ ಸುತ್ತಲಿನ ಗಾಳಿಗೆ ಹೋಲಿಸಿದಾಗ. ಆ ಗಾಳಿಯೇ ಚಲಿಸುತ್ತಿರುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್‌ನ ವೇಗ ಗಂಟೆಗೆ 150 ಕಿ.ಮೀ. ಎಂದುಕೊಂಡರೆ, ಪೂರ್ವಕ್ಕೆ ಹೋಗುವಾಗ ನೆಲಕ್ಕೆ ಹೋಲಿಸಿದ ವೇಗ 1,050 ಆಗಿ ಪ್ರಯಾಣ 5 ಗಂಟೆ 17 ನಿಮಿಷಕ್ಕೆ ಇಳಿಯುತ್ತದೆ, ಪಶ್ಚಿಮಕ್ಕೆ ಹೋಗುವಾಗ ವೇಗ 750 ಆಗಿ 7 ಗಂಟೆ 23 ನಿಮಿಷಕ್ಕೆ ಏರುತ್ತದೆ. ಹೋಗಿ ಬಂದರೆ ಲಾಭ ನಷ್ಟ ಸರಿದೂಗುತ್ತದೆ ಎಂದು ಹಲವರು ಭಾವಿಸುತ್ತಾರೆ, ಆದರೆ ಕೂಡಿಸಿ ನೋಡಿ: ಗಾಳಿಯಿಲ್ಲದ ದಿನಕ್ಕಿಂತ ಸುಮಾರು 20 ನಿಮಿಷ ಹೆಚ್ಚೇ ಬೇಕು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಲುಕಿರುವುದೇ ಇದಕ್ಕೆ ಕಾರಣ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆಂಬಲ ಪಡೆದ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ ಕೇವಲ 4 ಗಂಟೆ 56 ನಿಮಿಷದಲ್ಲಿ ತಲುಪಿತು. ಅದು ಶಬ್ದದ ವೇಗವನ್ನು ಮೀರಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ದಾರಿಯೂ ಸದಾ ಮಹಾವೃತ್ತವನ್ನೇ ಹಿಡಿಯುವುದಿಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಮುಚ್ಚಿದ ನಂತರ, ಸುಮಾರು ಒಂಬತ್ತೂವರೆ ಗಂಟೆಯಿದ್ದ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಸುಮಾರು 13 ಗಂಟೆಗೆ ಏರಿತು. ಎರಡು ನಗರಗಳ ನಡುವಿನ ದೂರದ ಅಂಕಿ ಮಾತ್ರ ಇದ್ದಂತೆಯೇ ಉಳಿಯಿತು.

ಇನ್ನು ವೇಳಾಪಟ್ಟಿಯಲ್ಲಿ ಬರೆಯುವುದು ಗೇಟಿನಿಂದ ಗೇಟಿನವರೆಗಿನ ಸಮಯ, ಅಂದರೆ ಬ್ಲಾಕ್ ಟೈಮ್. ರನ್‌ವೇ ತಲುಪುವವರೆಗಿನ ನಿಧಾನದ ಓಟ, ಇಳಿಯಲು ಸರದಿ ಕಾಯುವುದು, ವಿಳಂಬಕ್ಕೆಂದು ಸಂಸ್ಥೆಗಳು ಮೊದಲೇ ಸೇರಿಸುವ ನಿಮಿಷಗಳು ಎಲ್ಲವೂ ಅದರಲ್ಲಿವೆ. ವಿಮಾನ ಕೆಲವೊಮ್ಮೆ ಅವಧಿಗೆ ಮುನ್ನವೇ ತಲುಪುವುದರಲ್ಲಿ ಈ ಹೆಚ್ಚುವರಿ ನಿಮಿಷಗಳ ಪಾಲೂ ಇದೆ.

[ಪರದೆಯಲ್ಲಿ: ಎರಡು ಗಡಿಯಾರಗಳು]

ಟಿಕೆಟಿನಲ್ಲಿ ಹೊರಡುವ, ತಲುಪುವ ಸಮಯಗಳು ಆಯಾ ಊರಿನ ಸ್ಥಳೀಯ ಸಮಯವಾಗಿರುತ್ತವೆ. ಸಂಜೆ 7ಕ್ಕೆ ನ್ಯೂಯಾರ್ಕ್ ಬಿಟ್ಟು ಬೆಳಿಗ್ಗೆ 7ಕ್ಕೆ ಲಂಡನ್ ತಲುಪಿದರೆ, 12 ಗಂಟೆಯಿಂದ 5 ಗಂಟೆಯ ವ್ಯತ್ಯಾಸ ಕಳೆದು ಪ್ರಯಾಣ 7 ಗಂಟೆಯದು ಎಂದು ತಿಳಿಯಬೇಕು. ಮಾರ್ಚ್‌ನಲ್ಲಿ ಅಮೆರಿಕ ತನ್ನ ಗಡಿಯಾರಗಳನ್ನು ಬ್ರಿಟನ್ನಿಗಿಂತ ಮೊದಲೇ ಒಂದು ಗಂಟೆ ಮುಂದಿಡುವುದರಿಂದ, ನಡುವಿನ ಆ ಕೆಲವು ವಾರಗಳಲ್ಲಿ ಕಳೆಯಬೇಕಾದುದು 4 ಗಂಟೆ ಮಾತ್ರ.