ಬೇಕಲ ಕೋಟೆಯ ವೀಕ್ಷಣಾ ಗೋಪುರ

ಅಧ್ಯಕ್ಷರೆ, ಕಾಸರಗೋಡಿನ ಕನ್ನಡ ಬಂಧುಗಳೆ,

ಬೇಕಲ ಕೋಟೆಯನ್ನು ನಾವೆಲ್ಲ ಕಡಲಿಗೆ ಚಾಚಿದ ಕೊತ್ತಲದ ಚಿತ್ರದಿಂದಲೇ ಗುರುತಿಸುತ್ತೇವೆ. ನಾನು ಇಂದು ಮಾತನಾಡಲಿರುವುದು ಆ ಕೊತ್ತಲವನ್ನು ಕುರಿತಲ್ಲ. ಗೋಡೆಗಳಿಂದ ದೂರ, ಒಳಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಮುರಕಲ್ಲಿನ ವೀಕ್ಷಣಾ ಗೋಪುರವನ್ನು ಕುರಿತು. ಬುಡದ ಸುತ್ತಳತೆ ಸುಮಾರು 80 ಅಡಿ, ಎತ್ತರ ಸುಮಾರು 30 ಅಡಿ. ಬಲಿತ ತೆಂಗಿನಮರದ ಅರ್ಧಕ್ಕೂ ಬಾರದ ಈ ಕಟ್ಟಡವನ್ನು ಗೋಪುರವೆನ್ನಲು ಮೊದಲ ಸಲ ನೋಡಿದವರು ಹಿಂದೆಗೆದರೆ ಆಶ್ಚರ್ಯವಿಲ್ಲ.

ಈ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಕಟ್ಟಿಸಿದನೆಂಬುದು ಬಹುಮಟ್ಟಿಗೆ ಒಪ್ಪಿತವಾದ ಮಾತು. ಅದಕ್ಕೂ ಹಿಂದೆ, ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಕಾಲದಲ್ಲಿಯೇ ಇಲ್ಲಿ ಕೋಟೆಯಿತ್ತೆಂದು ವಾದಿಸುವವರೂ ಇದ್ದಾರೆ. 1763ರಲ್ಲಿ ಹೈದರಾಲಿಯು ಕೆಳದಿಯವರ ರಾಜಧಾನಿಯಾದ ಬಿದನೂರನ್ನು ಗೆದ್ದ ಮೇಲೆ ಬೇಕಲವೂ ಮೈಸೂರಿನ ಕೈಸೇರಿ, ಟಿಪ್ಪುವಿನ ಮಲಬಾರು ದಂಡಯಾತ್ರೆಗಳಿಗೆ ಸೇನಾನೆಲೆಯಾಯಿತು. ಗೋಪುರವು ಟಿಪ್ಪುವಿನ ಕಾಲದ್ದೆಂದು ಹೇಳುತ್ತಾರೆ. 1799ರಲ್ಲಿ ಕೋಟೆ ಇಂಗ್ಲಿಷ್ ಕಂಪೆನಿಯದಾಯಿತು.

ವಿನ್ಯಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೇಲಕ್ಕೆ ಹೋಗುವ ದಾರಿ. ಕಾವಲುಗಾರನೊಬ್ಬ ಹತ್ತಿ ನೋಡುವುದಷ್ಟೇ ಉದ್ದೇಶವಾಗಿದ್ದರೆ ಇಕ್ಕಟ್ಟಾದ ಮೆಟ್ಟಿಲುಸಾಲು ಸಾಕಿತ್ತು. ಇಲ್ಲಿರುವುದಾದರೋ ನೆಲದಿಂದ ನೆತ್ತಿಯವರೆಗೆ ನಿಧಾನವಾಗಿ ಏರುವ, ಹಲವರು ಜೊತೆಜೊತೆಯಾಗಿ ನಡೆಯಬಹುದಾದ ಅಗಲದ ಇಳಿಜಾರು. ಮೆಟ್ಟಿಲಿನ ಮೇಲೆ ಗಾಲಿ ಉರುಳದು, ಇಳಿಜಾರಿನ ಮೇಲೆ ಉರುಳುತ್ತದೆ. ಫಿರಂಗಿಯನ್ನೂ ಮದ್ದುಗುಂಡನ್ನೂ ಮೇಲೆ ಎಳೆದೊಯ್ಯುವ ಯೋಚನೆ ಕಟ್ಟಿಸಿದವರಿಗೆ ಇತ್ತೆಂದು ನಾನು ಊಹಿಸುವುದು ಇದರಿಂದಲೇ.

ಕಾವಲಿಗೆ ಇಷ್ಟು ಎತ್ತರ ಸಾಕೆ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಪಕ್ಕದ ಪಳ್ಳಿಕ್ಕರೆ ಕಡಲತೀರದ ಮರಳಿನಲ್ಲಿ ನಿಂತವನಿಗೆ ಕಡಲಂಚು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ ಮುಗಿಯುತ್ತದೆ; ಕಣ್ಣು ನೀರಿನಿಂದ 25 ಮೀಟರ್ ಮೇಲಿದ್ದರೆ ಅದು ಸುಮಾರು 18 ಕಿಲೋಮೀಟರಿಗೆ ಸರಿಯುತ್ತದೆ, ಹಡಗಿನ ಪಟಸ್ತಂಭವಂತೂ ಅದಕ್ಕೂ ಆಚೆಯಿಂದಲೇ ತಲೆ ತೋರಿಸುತ್ತದೆ. ಎತ್ತರದ ಬಹುಪಾಲನ್ನು ಕೋಟೆ ನಿಂತಿರುವ ದಿಣ್ಣೆಯ ನೆಲವೇ ಕೊಟ್ಟಿರುವಾಗ ಕಟ್ಟುವವರು ಕಲ್ಲನ್ನು ಏಕೆ ವ್ಯರ್ಥಮಾಡಬೇಕು?

ಗೋಪುರ ಕಂಡದ್ದಕ್ಕೆ ಗೋಡೆ ಉತ್ತರಿಸುತ್ತಿತ್ತು. ಹೊರಗೋಡೆಯಲ್ಲಿ ಗುಂಡು ಹಾರಿಸಲು ಬಿಟ್ಟ ರಂಧ್ರಗಳನ್ನು ಹತ್ತಿರದಿಂದ ನೋಡಿ: ಮೇಲಿನವು ದೂರದ ಗುರಿಗೆ, ನಡುವಿನವು ಸಮೀಪಿಸಿದ ಶತ್ರುವಿಗೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ.

ಇದನ್ನು ಕಡಲಿನ ಕಾವಲೆಂದಷ್ಟೇ ತಿಳಿಯುವುದು ಸರಿಯಲ್ಲ. ಮೇಲಿನಿಂದ ಕೋಟಿಕುಳ, ಉದುಮ, ಮವ್ವಲ್, ಕಾಞಂಗಾಡಿನ ಕಡೆಯ ನೆಲವೂ ಕಣ್ಣಿಗೆ ಬೀಳುತ್ತದೆ. ಕೋಟೆಯ ಕಂದಕವಿರುವುದೂ ಅಂಕುಡೊಂಕಿನ ಪ್ರವೇಶವಿರುವುದೂ ನೆಲದ ಕಡೆಗೇ. ಗೋಪುರವನ್ನು ಕಡಲಂಚಿನ ಕೊತ್ತಲಕ್ಕೆ ಒಯ್ದಿದ್ದರೆ ಪೂರ್ವದಿಂದ ಬರುವ ದಂಡು ಅಷ್ಟರಮಟ್ಟಿಗೆ ದೂರವಾಗುತ್ತಿತ್ತು. ಅದನ್ನು ಒಳಬಯಲಿನಲ್ಲಿ ನಿಲ್ಲಿಸಿದ್ದಕ್ಕೆ ನನಗೆ ಕಾಣುವ ಕಾರಣ ಇದೇ.